ಕಲ್ಯು ಎತ್ತಿಟ್ಟ ಸಕ್ಕರೆ ಮೂಟೆ

ವಿಲ್ಯಾಂಡಿ ಹತ್ತಿರದ ನಮ್ಮೂರು,
ಜುಲೈ 2005

ವೈಕೆ, ನನ್ನ ಜೀವದ ಗೆಳತಿ,

ನಿನ್ನ ಮನೆಯ ಬೀಗದ ಕೈ ನನ್ನೆದುರು ಮೇಜಿನ ಮೇಲಿದೆ. ಈ ತಿಂಗಳ ಕೊನೆಗೆ ಮನೆ ಕೊಳ್ಳುವ ಫಿನ್‌ಲ್ಯಾಂಡಿನವನು ಬರುತ್ತಾನೆ, ಕೊಟ್ಟುಬಿಡು ಎಂದು ಬರೆದಿದ್ದೀಯ. ಬೆಳಗಿನಿಂದ ನಾಲ್ಕು ಸಲ ಅದನ್ನು ಜೇಬಿಗೆ ಹಾಕಿ ನಾಲ್ಕು ಸಲ ತೆಗೆದಿಟ್ಟೆ. ಮನೆ ಕೈಬಿಡುವ ಮೊದಲು ನಿನಗೊಂದು ವಿಷಯ ಗೊತ್ತಾಗಬೇಕು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಹೋದ ವರ್ಷದ ಏಪ್ರಿಲ್ ನೆನಪಿದೆಯಲ್ಲ? ಮೇ ಒಂದಕ್ಕೆ ನಮ್ಮ ಎಸ್ಟೋನಿಯಾ ಯುರೋಪ್ ಒಕ್ಕೂಟ ಸೇರುತ್ತದೆ, ಸಕ್ಕರೆ ಬೆಲೆ ಎರಡು ಪಟ್ಟಾಗುತ್ತದೆ ಎಂದು ಊರಿಗೆ ಊರೇ ಅಂಗಡಿಗೆ ಮುಗಿಬಿದ್ದಿತ್ತು. ಬೇಸಿಗೆಯಲ್ಲಿ ಜಾಮ್ ಕಾಯಿಸದ ಮನೆ ನಮ್ಮಲ್ಲಿ ಎಲ್ಲಿದೆ? ನಾನಂತೂ ಮಂಚದ ಕೆಳಗೆ, ಬೀರುವಿನಲ್ಲಿ, ಕೊನೆಗೆ ಸ್ನಾನದ ತೊಟ್ಟಿಯಲ್ಲೂ ಮೂಟೆ ಪೇರಿಸಿದೆ. ನೀನು ಬಾಗಿಲಲ್ಲಿ ನಿಂತು ನಕ್ಕೆ. "ಏನೇ ಹೆಲ್ವೆ, ಇನ್ಮೇಲೆ ಪಾಕದಲ್ಲೇ ಸ್ನಾನನಾ? ಇರುವೆಗಳು ನಿನ್ನೇ ಹೊತ್ಕೊಂಡು ಹೋದಾವು, ಹುಷಾರು!" ನಿನಗೆ ಒಂದೇ ಮೂಟೆ ಸಾಕಿತ್ತು. ಅದನ್ನು ಅಂಗಡಿಯ ಕಲ್ಯು ನಿನ್ನ ಹೆಸರು ಬರೆದು ಎತ್ತಿಟ್ಟಿದ್ದ.

ಅದು ಮಾರಿಹೋಯಿತು ಎಂದು ಅವನು ಹೇಳಿದಾಗ ನೀನು ಹರಿಹಾಯ್ದೆ. ಇವತ್ತಿಗೂ ಅವನ ಹೆಸರೆತ್ತಿದರೆ ಉರಿದುಬೀಳುತ್ತೀಯ. ಅವನದೇನೂ ತಪ್ಪಿಲ್ಲ, ವೈಕೆ. ಹಿಂದಿನ ದಿನ ನಾನೇ ಹೋಗಿ, "ಅವಳಿಗೆ ಬೇಡ್ವಂತೆ ಕಣಯ್ಯಾ, ಐರ್ಲೆಂಡಿಗೆ ಕೆಲಸಕ್ಕೆ ಹೊರಟಿದ್ದಾಳೆ, ನಂಗೇ ಕೊಡು" ಎಂದಿದ್ದೆ. ನೀನು ಅವನನ್ನು ಬೈಯುವಾಗ ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನ ಮುಖ ನೋಡಿದ, ಬಾಯಿ ಬಿಡಲಿಲ್ಲ. ಸೋವಿಯತ್ ಕಾಲದ ರೂಬಲ್ ನೋಟು ಹೋದಾಗ ಕೂಡಿಟ್ಟದ್ದೆಲ್ಲ ಬರೀ ಕಾಗದವಾದದ್ದನ್ನು ಕಂಡವಳು ನಾನು, ಹೆದರಿದ್ದೆ. ಆದರೂ ಅದು ಕಳ್ಳತನವೇ.

ಬಾಯಿಗೆ ಬಂದ ಸುಳ್ಳು ನಿಜವಾಯಿತು. ಒಕ್ಕೂಟದ ಹೊಸ ನಿಯಮಕ್ಕೆ ತಕ್ಕ ಯಂತ್ರ ಹಾಕಿಸಲಾಗದೆ ನೀನು ಕೆಲಸಕ್ಕಿದ್ದ ಪುಟ್ಟ ಡೇರಿ ಆಗಸ್ಟಿನಲ್ಲಿ ಬಾಗಿಲು ಹಾಕಿತು. ನೀನು ನಿಜಕ್ಕೂ ಐರ್ಲೆಂಡಿನ ಅಣಬೆ ಬೆಳೆಯುವ ಶೆಡ್ಡಿಗೆ ಕೆಲಸಕ್ಕೆ ಹೋದೆ. ನಾನೇ ನಿನ್ನನ್ನು ಊರು ಬಿಡಿಸಿದೆನೇನೋ ಎಂದು ಅಂದಿನಿಂದ ಕೊರಗುತ್ತಿದ್ದೇನೆ.

ಸಕ್ಕರೆ ಕೂಡಿಟ್ಟ ದೇಶಕ್ಕೆ ಒಕ್ಕೂಟ ದಂಡ ಹಾಕುತ್ತದೆ ಎಂಬ ಸುದ್ದಿ ಆಮೇಲೆ ಬಂತು. ಮನೆಮನೆಗೂ ತಪಾಸಣೆಗೆ ಬರುತ್ತಾರೆಂದು ಯಾರೋ ಅಂದರು, ನಾನು ನಂಬಿದೆ. ಸೇಬು, ಕುಂಬಳ, ಕ್ಯಾರೆಟ್, ಹಸಿ ಟೊಮೇಟೊ, ಕಂಡದ್ದನ್ನೆಲ್ಲ ಜಾಮ್ ಮಾಡಿದೆ. ಯಾರೂ ಬರಲಿಲ್ಲ. ನೆಲಮಾಳಿಗೆಯಲ್ಲಿ ಮುನ್ನೂರು ಶೀಶೆ ಕೂತಿವೆ, ತಿನ್ನಲು ನಾನೊಬ್ಬಳೇ. ಒಕ್ಕೂಟದಿಂದ ಕೆಟ್ಟದ್ದೇ ಆಯಿತೆನ್ನಲಾರೆ. ಹಾಲಿಗೆ ಒಳ್ಳೆಯ ದರ ಸಿಗುತ್ತಿದೆ, ಶಾಲೆಯ ರಸ್ತೆಗೆ ಡಾಂಬರು ಬಂದಿದೆ. ಆದರೆ ಆ ರಸ್ತೆಯಲ್ಲಿ ನನ್ನ ಜೊತೆ ಹರಟುತ್ತಾ ನಡೆಯಲು ನೀನಿಲ್ಲ.

ನಿನ್ನೆ ಕಲ್ಯು ಹತ್ತಿರ ಹೋಗಿ, ನಿನಗೆ ಬರೆಯುತ್ತೇನೆ ಎಂದೆ. "ಬರೆದ್ಬಿಡು ಮಾರಾಯ್ತಿ, ನಿನ್ನ ಪಾಲಿನ ಬೈಗುಳ ತಿಂದು ತಿಂದು ನಂಗೂ ಸಾಕಾಯ್ತು" ಅಂದ.

ನಿನ್ನ ಮೂಟೆಯನ್ನು ಮಾತ್ರ ನಾನು ಬಿಚ್ಚಿಲ್ಲ. ಅದರ ಮೇಲೆ ನಿನ್ನ ಹೆಸರು ಹಾಗೇ ಇದೆ. ಫಿನ್‌ಲ್ಯಾಂಡಿನವನು ನಿನ್ನ ಹಿತ್ತಲಿನ ಕರಂಟ್ ಹಣ್ಣಿನ ಗಿಡಗಳನ್ನು ಕಿತ್ತು ಕಾರಿಗೆ ಜಾಗ ಮಾಡುತ್ತಾನಂತೆ. ಗಿಡಗಳು ಈ ಸಲ ಹಣ್ಣಿನ ಭಾರಕ್ಕೆ ಬಾಗಿವೆ. ಬೀಗದ ಕೈ ಬಚ್ಚಿಟ್ಟು ನಿನ್ನದನ್ನು ಇನ್ನೊಮ್ಮೆ ಕದಿಯಲಾರೆ. ಕೊಡಬೇಡ ಎಂದು ನಿನ್ನಿಂದ ಫೋನ್ ಬಾರದಿದ್ದರೆ ಅವನಿಗೆ ಕೊಡುತ್ತೇನೆ. ಅಷ್ಟರೊಳಗೆ ಹಣ್ಣು ಬಿಡಿಸಿ, ಆ ಮೂಟೆ ಬಿಚ್ಚಿ, ಜಾಮ್ ಕಾಯಿಸುತ್ತೇನೆ. ಹಣ್ಣೂ ನಿನ್ನದು, ಸಕ್ಕರೆಯೂ ನಿನ್ನದು. ಒಂದು ಶೀಶೆ ಕಲ್ಯುಗೆ, ಉಳಿದದ್ದೆಲ್ಲ ನಿನಗೆ.

ಆ ತಣ್ಣನೆಯ ಶೆಡ್ಡಿನಲ್ಲಿ ನಿನ್ನ ಕೈ ಬೆಚ್ಚಗಿರಲಿ, ಬೆನ್ನು ಗಟ್ಟಿಯಿರಲಿ. ಬೈಯುವುದಿದ್ದರೆ ಇನ್ನು ಮೇಲೆ ನನ್ನನ್ನೇ ಬೈ.

ನಿನ್ನ
ಹೆಲ್ವೆ