ಕಿಟಕಿಯ ಮೇಲಿನ ದುರ್ಬೀನು

ಮೇನ್, ಏಪ್ರಿಲ್ ೧೧

ಪ್ರೀತಿಯ ಲೋರ್ನಾ,

ನೀನು ಕ್ರಿಸ್‌ಮಸ್‌ಗೆ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು. ಹಿಮ ಕರಗಿ ಅಂಗಳವೆಲ್ಲ ಕೆಸರು, ಮೊಣಕಾಲು ನೋವು ಎಂದು ನೆಪ ಹೇಳಬಹುದು. ನಿಜವೆಂದರೆ ನಾನು ಸಿಟ್ಟಿನಲ್ಲಿದ್ದೆ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಅದು ಇಳಿಯುವ ಹಾಗೆ ಕಾಣಲಿಲ್ಲ. ಅರಿಜೋನಾದ ಬಿಸಿಲು ನಿನ್ನ ಮೂಳೆಗಳಿಗೆ ಒಗ್ಗಿತೇ?

ನಮ್ಮ ಬುಧವಾರದ ಕೂಟ ಇನ್ನೂ ಅದೇ ಹಳೆಯ ರೈತಸಂಘದ ಹಾಲ್‌ನಲ್ಲಿ ನಡೆಯುತ್ತಿದೆ. ಮಕ್ಕಳನ್ನು ಶಾಲೆಗೆ ಕಳಿಸದೆ ನಾವೇ ಕಲಿಸುತ್ತೇವೆಂದು ನಾವಿಬ್ಬರೂ ಹಟ ಹಿಡಿದಾಗ ಊರೆಲ್ಲ ನಕ್ಕಿತ್ತು. ಈಗ ಹಾಲ್‌ನಲ್ಲಿ ಕುರ್ಚಿ ಸಾಲುವುದಿಲ್ಲ. ಆಗ ಭೂಪಟ, ಪುಸ್ತಕ, ಸೂಕ್ಷ್ಮದರ್ಶಕ, ಏನು ಬೇಕಾದರೂ ನನ್ನ ಉಗ್ರಾಣದ ಬಾಗಿಲಿಗೇ ಬರಬೇಕಿತ್ತು. "ಕೈ ತೊಳೆದು ಮುಟ್ಟಿ" ಎಂದು ಹೇಳಿಯೇ ಕೊಡುತ್ತಿದ್ದೆ. ಎದುರು ಮಾತನಾಡುವವರಿರಲಿಲ್ಲ.

ಈಗ ಯಾರೂ ಬರುವುದಿಲ್ಲ. ಒಹಾಯೋದಿಂದ ಶೆಲ್ಬಿ ಎಂಬವಳು ಬಂದು ನೆಲೆಸಿದ್ದಾಳೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು, ಮಾತು ಜೇನು. ಭಾನುವಾರ ಸಂಜೆಯಾದರೆ ಎಲ್ಲರ ಮೊಬೈಲ್‌ಗೂ ಲಿಂಕ್‌ಗಳನ್ನು ಕಳಿಸುತ್ತಾಳೆ: ತಿಮಿಂಗಿಲದ ಹಾಡು, ಲ್ಯಾಟಿನ್ ಪಾಠ, ಯಾವುದೋ ದೂರದರ್ಶಕದ ಚಿತ್ರಗಳು. ಎಲ್ಲವೂ ಉಚಿತ. ಸೋಮವಾರ ಬೆಳಗ್ಗೆ ಯಾರ ಬಾಯಲ್ಲಿ ನೋಡಿದರೂ "ಶೆಲ್ಬಿ ಕಳಿಸಿದ್ದು ನೋಡಿದ್ರಾ?" ಕೀಲಿ ಹಾಕದ ಉಗ್ರಾಣ ಅವಳದು. ನನ್ನ ಉಗ್ರಾಣದಲ್ಲಿ ಜೇಡ ಮನೆ ಮಾಡಿದೆ.

ಹೋದ ಬುಧವಾರ ವೆಂಡೆಲ್ ಮುದುಕ ಕಾಫಿ ಬಗ್ಗಿಸಿಕೊಳ್ಳುತ್ತಾ, "ಏನಮ್ಮ ಆರ್ಡಿತ್, ನಿನ್ನ ಅಂಗಡಿ ಬಾಗಿಲು ಹಾಕಿತಂತಲ್ಲ!" ಎಂದ. ನನಗೆ ಉರಿದುಹೋಯಿತು. ಎಲ್ಲರಿಗೂ ಕೇಳುವಂತೆ, "ಪುಕ್ಕಟೆ ಸಿಕ್ಕಿದ್ದು ತಲೆಗೆ ಹತ್ತೋದಿಲ್ಲ" ಎಂದೆ.

ಶೆಲ್ಬಿ ನಕ್ಕಳು. "ಅಯ್ಯೋ ಆರ್ಡಿತ್, ಇಷ್ಟು ವರ್ಷ ನೀವೂ ಪುಕ್ಕಟೆನೇ ಕೊಟ್ರಲ್ಲ!"

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ನನ್ನ ಮಗಳು ನಡೀನ್ ಕೂಡ. ನಾನು ತಂದಿದ್ದ ಬ್ಲೂಬೆರಿ ಕೇಕನ್ನು ಕತ್ತರಿಸದೆ ಹಾಗೇ ಮನೆಗೆ ತಂದೆ. ಹೊಟ್ಟೆಕಿಚ್ಚು ಅನ್ನುತ್ತೀಯಾ? ಅನ್ನು. ನಿನ್ನ ಬಾಯಿಂದಾದರೆ ತಡೆದುಕೊಳ್ಳುತ್ತೇನೆ.

ನಡೀನಳ ಮಗಳು ಟ್ಯಾಮ್ಸಿನ್ ನಿನಗೆ ಗೊತ್ತಲ್ಲ, ನನ್ನ ಜೊತೆಯಲ್ಲೇ ಬೆಳೆದ ಕೂಸು. ಈಗ ಒಂಬತ್ತು ತುಂಬಿದೆ. ನಮ್ಮ ಮೊದಲ ನಿಯಮವನ್ನು ಅವಳ ವಿಷಯದಲ್ಲಿ ನಾನು ಒಮ್ಮೆಯೂ ಮುರಿದಿಲ್ಲ: ಮಗು ಕೇಳದೆ ಕಲಿಸಕೂಡದು, ವಸ್ತುವನ್ನು ಅದರ ಹಾದಿಯಲ್ಲಿಟ್ಟು ಬಾಯಿ ಮುಚ್ಚಿಕೊಂಡಿರಬೇಕು. ಅವಳು ಓಡಾಡಲು ಕಲಿತಾಗಿನಿಂದ ನನ್ನ ದುರ್ಬೀನು ಅಡುಗೆಮನೆಯ ಕಿಟಕಿಯ ಮೇಲೇ ಇದೆ. ಜೌಗಿನ ಹಕ್ಕಿಗಳನ್ನೆಲ್ಲ ನಾನು ಕಣ್ಣುಮುಚ್ಚಿ ಗುರುತಿಸುತ್ತೇನೆಂದು ನಿನಗಿಂತ ಚೆನ್ನಾಗಿ ಬಲ್ಲವರಾರು? ಅವಳು ಕೇಳಲಿ ಎಂದು ಕಾದೆ. ಆ ದುರ್ಬೀನಿನ ಸುತ್ತ ಧೂಳು ಒರೆಸುತ್ತಾಳೆಯೇ ಹೊರತು ಅದನ್ನು ಮುಟ್ಟಿದವಳಲ್ಲ.

ನಿನ್ನೆ ಬೆಳಗ್ಗೆ ಪಾತ್ರೆ ತೊಳೆಯುತ್ತಿದ್ದೆವು. ಹೊರಗೆ ಎರಡು ಸ್ವರದ ಸಿಳ್ಳೆ ಕೇಳಿಸಿತು. "ಓ, ಫೀಬಿ ಹಕ್ಕಿ ಬಂತು!" ಎಂದಳು ನಡೀನ್.

"ಅಲ್ಲಮ್ಮ, ಅದು ಚಿಕಡೀ. ವಸಂತದಲ್ಲಿ ಅದೂ ಹಾಗೇ ಹಾಡತ್ತೆ. ಫೀಬಿ ಗಂಟಲು ಕಟ್ಟಿದವ್ರ ಥರ ಕೂಗತ್ತೆ" ಎಂದಳು ಟ್ಯಾಮ್ಸಿನ್.

ಸರಿಯಾಗಿಯೇ ಹೇಳಿದಳು. "ಯಾರೇ ಹೇಳ್ಕೊಟ್ಟಿದ್ದು?" ಎಂದು ನಡೀನ್ ಕೇಳಿದಳು.

"ಶೆಲ್ಬಿ ಆಂಟಿ ಕಳ್ಸಿದ್ರಲ್ಲ, ಹಕ್ಕಿಗಳ ದನಿ ಇರೋ ಲಿಂಕ್. ಬೇಕು ಅಂತ ನಾನೇ ಕೇಳಿದೆ, ಕಳ್ಸಿದ್ರು."

ಕೇಳಿದಳಂತೆ! ನಾನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ಇರಲಿ. ಮುಂದಿನ ಬುಧವಾರವೂ ಹಾಲ್‌ಗೆ ಹೋಗುತ್ತೇನೆ, ನನ್ನ ಕುರ್ಚಿಯಲ್ಲೇ ಕೂರುತ್ತೇನೆ. ಆ ಹುಡುಗಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂರುವವಳಲ್ಲ ನಾನು. ನಿನ್ನ ಕಣ್ಣಿನ ಆಪರೇಷನ್ ಸುಸೂತ್ರವಾಗಲಿ. ದೇವರು ನಿನ್ನನ್ನೂ ನಿನ್ನ ಮಕ್ಕಳನ್ನೂ ತಣ್ಣಗಿಟ್ಟಿರಲಿ.

ನಿನ್ನ,
ಆರ್ಡಿತ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ನಡೀನ್ ಆಚೆ ಹೋದ ಮೇಲೆ ಟ್ಯಾಮ್ಸಿನ್ ಕಿಟಕಿಯ ಬಳಿ ನಿಂತು, "ಅಜ್ಜಿ, ಈ ದುರ್ಬೀನು ತಾತಂದು ಅಲ್ವಾ? ಅವರು ಹೋದ್ಮೇಲೆ ನೆನಪಿಗೆ ಅಂತ ಇಟ್ಟಿದ್ದೀಯ ಅಂದ್ಕೊಂಡಿದ್ದೆ. ಅದಕ್ಕೇ ಮುಟ್ಲಿಲ್ಲ" ಎಂದಳು. ಇಲ್ಲ, ನನ್ನದು ಎಂದೆ. ನನ್ನ ಮುಖವನ್ನೇ ನೋಡಿ, "ನಿಂಗೂ ಹಕ್ಕಿ ಗೊತ್ತಾ ಅಜ್ಜಿ?" ಎಂದು ಕೇಳಿದಳು.

ಕೊನೆಗೂ ಕೇಳಿದಳು, ಲೋರ್ನಾ. ಆದರೂ ನಾನು "ಸ್ವಲ್ಪ" ಎಂದಷ್ಟೇ ಹೇಳಿ, ಅವಳಿಗೆ ಬೆನ್ನು ಹಾಕಿ ಒರೆಸಿಟ್ಟ ತಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸತೊಡಗಿದೆ.