ಎಲ್ಲರೂ ಒಂದೇ ಪಾರ್ಟಿ

ಜೂನ್ 24, 2024
ಬೆಳಗಿನಿಂದ ಚಹಾ ನಿಂತಿಲ್ಲ. ಕೂಕಟ್‌ಪಲ್ಲಿಯ ಈ ಮನೆ ಮನೆಯಲ್ಲ, ಬಸ್‌ಸ್ಟ್ಯಾಂಡು. ಇವರು ಎಮ್ಮೆಲ್ಲೆ ಆಗಿ ಇದು ಮೂರನೇ ಸಲ. ಮೊದಲ ಸಲ ಬಂದವರ ಕಷ್ಟ ಕೇಳುತ್ತಿದ್ದರು. ಈಗ ಊರು, ಜಾತಿ ಕೇಳುತ್ತಾರೆ. ಅಷ್ಟೇ.

ಜುಲೈ 12
ಇವರು ಪಾರ್ಟಿ ಬದಲಿಸಿದರು. ನನಗೆ ಗೊತ್ತಾಗಿದ್ದು ಟಿವಿಯಿಂದ. ನಿನ್ನೆವರೆಗೂ ಬೈದವರ ಶಾಲು ಕೊರಳಿಗೆ, ಮುಖದ ತುಂಬ ನಗು... ಸಂಜೆ ಕೇಳಿದೆ.
"ಕ್ಷೇತ್ರದ ಅಭಿವೃದ್ಧಿ ಆಗಬೇಕಲ್ಲ, ಶಾರದಾ" ಅಂದರು.
ಟಿವಿಯವರಿಗೆ ಹೇಳಿದ್ದೂ ಅದೇ. ಹೆಂಡತಿಗೂ ಅದೇ.

ಜುಲೈ 14, ಭಾನುವಾರ
ಮಧ್ಯಾಹ್ನ ಊಟಕ್ಕೆ ನರ್ಸಿಂಲು, ಇವರು ಈಗ ಸೇರಿದ ಪಾರ್ಟಿಯವನು. ಚುನಾವಣೆಯಲ್ಲಿ ನಮ್ಮ ಪ್ರಚಾರದ ಜೀಪು ತಡೆದು, ನಮ್ಮ ಕಾರ್ಯಕರ್ತೆ ಸೂಗಮ್ಮನ ಬಲಗೈ ಮುರಿದವನು. ನಾನು ಜೀಪಿನಲ್ಲೇ ಇದ್ದೆ. ಕಟ್ಟಿಗೆ ಎತ್ತಿದ್ದು ಕಂಡೆ, ಮೂಳೆಯ ಸದ್ದು ಕೇಳಿದೆ. ಆವತ್ತು ಪೊಲೀಸರ ಮುಂದೆ ನನ್ನಿಂದ ಸಾಕ್ಷಿ ಹೇಳಿಸಿದ್ದು ಇವರೇ.
ಇವತ್ತು— "ಶಾರದಾ, ನರ್ಸಿಂಲು ಅಣ್ಣಗ ಇನ್ನೊಂದು ರೊಟ್ಟಿ ಹಾಕು."
ಹಾಕಿದೆ. "ವದಿನಾ" ಅಂತ ಬಾಯಿ ತುಂಬ ಅತ್ತಿಗೆ ಮಾಡಿಕೊಂಡ. ನಾನು ಉಣ್ಣಲಿಲ್ಲ.

ಸೆಪ್ಟೆಂಬರ್ 3
ಇವರು ಸೂಗಮ್ಮನನ್ನು ಕರೆಸಿದ್ದರು. ಗಡಿಯಂಚಿನ ನಮ್ಮ ಕ್ಷೇತ್ರದಿಂದ ಬಸ್ಸಿನಲ್ಲಿ ಬಂದಳು. ಬಲಗೈ ಇನ್ನೂ ಮೇಲೆ ಏಳದು. ತಲೆ ಬಾಚಿ ಕೊಡುವುದು ಮಗಳಂತೆ.
ಇವರ ದನಿ ಬೆಣ್ಣೆ. "ಸೂಗಮ್ಮ, ಕೇಸ್ ವಾಪಸ್ ತಗೋ. ಈಗ ನಾವೆಲ್ಲಾ ಒಂದೇ ಪಾರ್ಟಿ ಆಗೀವಿ."
"ನೀವು ಆಗೀರಿ, ಸಾಹೇಬ್ರ. ನನ್ನನ್ನ ಯಾರು ಕೇಳಿದ್ರು?"
ಇವರು ಫೋನ್ ಹಿಡಿದು ಒಳಗೆ ಹೋದರು. ಮೆಟ್ರೊ ಸ್ಟೇಷನ್‌ವರೆಗೆ ನಾನೇ ಜೊತೆಗೆ ಹೋದೆ.
"ಅಕ್ಕಾರ, ನೀವರ ಕೋರ್ಟಿಗೆ ಬರ್ತೀರಿ?"
ಟ್ರಾಫಿಕ್ಕಿನಲ್ಲಿ ಕೇಳಿಸದವಳಂತೆ ನಡೆದೆ. ಥೂ... ನಾನೂ ಈ ಮನೆಯವಳೇ.

ನವೆಂಬರ್ 17
ಸಮನ್ಸ್ ಬಂದಿದೆ. ನಾಳೆ ಸಾಕ್ಷಿ.
"ಕತ್ತಲಿತ್ತು, ಸರಿ ಕಾಣ್ಲಿಲ್ಲ ಅಂತ ಹೇಳು" ಅಂದರು. "ಮಂತ್ರಿ ಸ್ಥಾನದ ಮಾತು ನಡದೈತಿ. ಮನ್ಯಾಗಿಂದ ಎಡವಟ್ಟು ಆಗಬಾರ್ದು."
"ಮಟಮಟ ಮಧ್ಯಾಹ್ನ ಇತ್ತಲ್ರಿ."
"ಯಾರು ನೋಡ್ಯಾರ?"
"ನಾನು."
ತಟ್ಟೆ ಸರಿಸಿ ಎದ್ದು ಹೋದರು.

ನವೆಂಬರ್ 18, ಸಂಜೆ
ಹೋದೆ. ಕಾರು ಕೊಡಬೇಡ ಅಂದಿದ್ದರಂತೆ, ಡ್ರೈವರ್ ತಲೆ ಎತ್ತಲಿಲ್ಲ. ಬಸ್ಸು ಹಿಡಿದೆ. ಕಟಕಟೆ ಹತ್ತಿದೆ. ಕಂಡದ್ದು ಹೇಳಿದೆ. ನರ್ಸಿಂಲುವನ್ನು ಕೈ ಮಾಡಿ ತೋರಿಸಿದೆ. ಹೊರಗೆ ಸೂಗಮ್ಮ ಎಡಗೈಯಿಂದ ನನ್ನ ಕೈ ಹಿಡಿದು ನಿಂತಳು. ಬಸ್ಸು ಬರುವವರೆಗೂ ಬಿಡಲಿಲ್ಲ.

ಮನೆಗೆ ಬಂದರೆ ಟಿವಿಯಲ್ಲಿ ಇವರು. ಮೈಕುಗಳ ನಡುವೆ, ದುಃಖದ ಮುಖ ಮಾಡಿಕೊಂಡು: ನಮ್ಮ ಮನೆಯವರಿಗೆ ಮಾನಸಿಕ ತೊಂದರೆ ಇದೆ, ಚಿಕಿತ್ಸೆ ನಡೆಯುತ್ತಿದೆ, ದಯವಿಟ್ಟು ರಾಜಕೀಯ ಮಾಡಬೇಡಿ.
ಇಪ್ಪತ್ತೆಂಟು ವರ್ಷ ಈ ಮನುಷ್ಯನಿಗೆ ಅಡುಗೆ ಮಾಡಿ ಹಾಕಿದ್ದೇನೆ.

ಕಾರು ಬಂತು. ಇಬ್ಬರ ಹೆಜ್ಜೆ. "ಶಾರದಾ, ಬಾಗಲಾ ತಗಿ. ಡಾಕ್ಟರ್ ಬಂದಾರ, ಸುಮ್ನ ಮಾತಾಡ್ಸಿ ಹೋಗ್ತಾರ." ದನಿ ಮತ್ತೆ ಬೆಣ್ಣೆ.
ಇವರ ಹಿಂದೆಯೇ ಬಂದ ಟಿವಿಯವರ ವ್ಯಾನು ಗೇಟಿನಾಚೆ ನಿಂತಿದೆ. ತೆಗೆಯುತ್ತೇನೆ ಬಾಗಿಲು. ಡಾಕ್ಟರನ್ನು ದಾಟಿ ನೇರ ಗೇಟಿಗೆ ಹೋಗಿ, ಕೋರ್ಟಿನಲ್ಲಿ ಹೇಳಿದ್ದನ್ನೇ ಮೈಕಿನ ಮುಂದೆ ಹೇಳುತ್ತೇನೆ.