ಒಂದೇ ಗುಟುಕಿಗೆ ಎರಡು ಮಾತ್ರೆ

ಮಾರ್ಚ್ ೧೧, ಮಂಗಳವಾರ

ಇವತ್ತು ನನ್ನ ಹೆಂಡತಿ ಮೆಟ್ಟಿಲ ಮೇಲೆ ಕುಸಿದು ಬಿದ್ದಳು.

ಸುಳ್ಳು. ಏದುಸಿರು ಬಿಡುತ್ತಾ ಮೂರನೇ ಮೆಟ್ಟಿಲಲ್ಲಿ ಕೂತಳು, ಅಷ್ಟೇ. ಬಿದ್ದಳು ಅಂತ ಕೂಗಿದ್ದು ನಾನು. ಇಲ್ಲದಿದ್ದರೆ ಅವಳು ಆಸ್ಪತ್ರೆಗೆ ಹೊರಡುವವಳಲ್ಲ.

ಮೂರು ತಿಂಗಳಿಂದ ಕಬ್ಬಿಣದ ಮಾತ್ರೆ, ಜಿಂಕ್ ಮಾತ್ರೆ ಎರಡನ್ನೂ ನುಂಗುತ್ತಿದ್ದಾಳೆ. ಆದರೂ ರಕ್ತ ಏರಿಲ್ಲ, ನಾಲಿಗೆಗೆ ರುಚಿ ಹತ್ತಿಲ್ಲ.

“ಜಿಂಕ್ ತಿಂದ್ರೂ ಜಿಂಕೆ ಆಗ್ಲಿಲ್ಲ ನೋಡಿ ಇವ್ಳು,” ಅಂದೆ ಆಸ್ಪತ್ರೆಯಲ್ಲಿ. ಡಾಕ್ಟರಮ್ಮ ನಗಲಿಲ್ಲ.

“ಎರಡೂ ಒಟ್ಟಿಗೇ ನುಂಗ್ತೀರಾ ಅಮ್ಮಾ?”

“ಹೂಂ. ಇವ್ರೇ ಕೊಡ್ತಾರೆ, ಬೆಳಿಗ್ಗೆ ಟೀ ಜೊತೆ.”

“ಒಟ್ಟಿಗೆ ಹೋದ್ರೆ ಒಂದು ಇನ್ನೊಂದನ್ನ ಒಳಗೆ ಬಿಡಲ್ಲ. ಟೀ ಬೇರೆ ಅಡ್ಡಗಾಲು. ಒಂದು ಬೆಳಿಗ್ಗೆ, ಒಂದು ರಾತ್ರಿ ಅಂತ ಬರೆದಿದ್ನಲ್ಲ?”

“ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ ಅನ್ನಿ,” ಅಂದೆ. ಹೆಂಡತಿ ನನ್ನ ಕಡೆ ತಿರುಗಿದಳು. “ನಿಮ್ಗೆ ಚೀಟಿ ಓದೋಕೆ ಬರಲ್ವಾ?”

“ಅಕ್ಷರ ಕೋಳಿ ಕೆದರಿದ ಹಾಗಿತ್ತು ಕಣೆ.”

ಪಾಪ, ಮನೆ ಮುಟ್ಟುವವರೆಗೂ ಅವಳು ಡಾಕ್ಟರಮ್ಮನ ಅಕ್ಷರವನ್ನೇ ಬೈದಳು, ನಡುನಡುವೆ ನಿಂತು ಉಸಿರೆಳೆದುಕೊಂಡು. ನಾನೂ ತಾಳ ಹಾಕಿದೆ.

ಅಕ್ಷರ ಮುತ್ತಿನ ಹಾಗಿತ್ತು. ಓದಿಯೂ ಇದ್ದೆ. ದಿನಕ್ಕೆರಡು ಸಲ ಕುರ್ಚಿ ಬಿಟ್ಟು ಏಳುವುದಕ್ಕೆ ಸೋಮಾರಿತನವಾಗಿ, ನಾನೇ ಎರಡನ್ನೂ ಒಟ್ಟಿಗೆ ಅವಳ ಅಂಗೈಗೆ ಹಾಕಿಬಿಡುತ್ತಿದ್ದೆ.